ಇಲ್ಲದ ನಾಯಿಗೆ ಅಳುವವರು

ಎಲ್ಲಿಂದ ಶುರು ಮಾಡಲಿ? ಪಶುವೈದ್ಯರ ಕಥೆ ಅಂದಮೇಲೆ ನೀವು ಹಸುವನ್ನೇ ನಿರೀಕ್ಷಿಸುತ್ತೀರಿ, ಗೊತ್ತು. ಪಶುವೈದ್ಯ ಕಾಲೇಜಿನ ಅಂತಿಮ ವರ್ಷದ ಇಷ್ಬೆಲ್ ಹಸುವಿನೊಳಗೆ ಭುಜದವರೆಗೆ ಕೈ ತೂರಿಸಿ ನಿಂತಿದ್ದಾಳೆ, ಹೊರಗೆ ಸ್ಕಾಟ್ಲೆಂಡಿನ ಮಳೆ ಅಡ್ಡಡ್ಡ ಬೀಸುತ್ತಿದೆ, ಕರು ಹೊರಬರುತ್ತದೆ, ರೈತ ಟೋಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಾನೆ.

(ಬರೆದೆ, ಓದಿದೆ, ಅಳಿಸಿದೆ. ಟೀವಿಯವರು ಇದನ್ನೇ ತೋರಿಸಿ ತೋರಿಸಿ ಹಸುಗಳಿಗೂ ಬೇಜಾರಾಗಿದೆ.)

ನಿಜ ಹೇಳುತ್ತೇನೆ. ಇಷ್ಬೆಲ್ ರೆನ್ನಿ ನನ್ನ ಫ್ಲಾಟಿನ ಪಕ್ಕದ ಕೋಣೆಯವಳು. ನಾನು ಬೆಳಿಗ್ಗೆ ಬೇಕರಿಯಲ್ಲಿ ದುಡಿದು, ಉಳಿದ ಹೊತ್ತು ಕಥೆಗಾರ ಎಂದು ಹೇಳಿಕೊಂಡು ತಿರುಗುವವನು. ಅವಳ ಕೊನೆಯ ಪರೀಕ್ಷೆ ಸೋಮವಾರ. ಅಡಿಗೆಮನೆಯ ಮೇಜಿನ ಆ ಬದಿಯಲ್ಲಿ ಅವಳು ಓದುತ್ತಾಳೆ, ಈ ಬದಿಯಲ್ಲಿ ನಾನು ಅವಳನ್ನು ಬರೆಯುತ್ತೇನೆ. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಒಂದು ಹಂದಿಯ ಕಾಲಿದೆ, ಹೊಲಿಗೆ ಅಭ್ಯಾಸಕ್ಕೆ. 'ಕ್ಯಾಲಮ್, ಇದನ್ನು ಬೇಯಿಸಬೇಡ' ಎಂದು ಚೀಟಿ ಅಂಟಿಸಿದ್ದಾಳೆ. ಕ್ಯಾಲಮ್ ನಾನೇ.

"ಹಂದಿ ಕಾಲಿನ ಜೋಕು ಹಾಕಿದೀಯಾ?" ಇಷ್ಬೆಲ್ ಕತ್ತು ಚಾಚಿ ಓದಿದಳು.

"ಓದೋರನ್ನ ಹಿಡ್ಕೋಬೇಕಲ್ಲ ಮಾರಾಯ್ತಿ."

"ಆ ನಟಿ ರೋನಾ ವಿಷಯ ಬರಿ. ಇಲ್ಲಾಂದ್ರೆ ನಿನ್ನ ಬಾಯಿ ಹೊಲೀತೀನಿ, ದಾರ ಇಲ್ಲೇ ಇದೆ."

೨.

(ಒಂದು ಎಲ್ಲಿ ಎಂದು ಕೇಳಬೇಡಿ. ಅದು ಹಸುವಿನ ಜೊತೆ ಹೋಯಿತು.)

ಇವರ ಪರೀಕ್ಷೆಯಲ್ಲಿ ಸಾಲಾಗಿ ಕೋಣೆಗಳಿರುತ್ತವೆ. ಗಂಟೆ ಹೊಡೆದರೆ ಒಳಗೆ, ಮತ್ತೆ ಹೊಡೆದರೆ ಹೊರಗೆ. ಒಂದರಲ್ಲಿ ರಬ್ಬರ್ ಕುದುರೆಯ ಕುತ್ತಿಗೆಯಿಂದ ರಕ್ತ ತೆಗೆಯಬೇಕು, ಇನ್ನೊಂದರಲ್ಲಿ ಎಕ್ಸ್‌ರೇ ಓದಬೇಕು. ಒಂದು ಕೋಣೆಯಲ್ಲಿ ಮಾತ್ರ ಪ್ರಾಣಿಯೇ ಇಲ್ಲ. ಕುರ್ಚಿಯಲ್ಲಿ ಒಬ್ಬರು ಕೂತಿರುತ್ತಾರೆ. ಅವರ ನಾಯಿ ಮ್ಯಾಕ್ಸ್ ಇನ್ನು ಉಳಿಯುವುದಿಲ್ಲ, ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಕಳಿಸಿಬಿಡಬೇಕು ಎಂದು ಅವರಿಗೆ ತಿಳಿಹೇಳಬೇಕು.

ಮ್ಯಾಕ್ಸ್ ಎಂಬ ನಾಯಿ ಹುಟ್ಟೇ ಇಲ್ಲ. ಕುರ್ಚಿಯಲ್ಲಿ ಅಳುವವರು ನಾಟಕದವರು. ಅವರ ಕೈಗೆ ಕಾರ್ಡು ಕೊಟ್ಟಿರುತ್ತಾರೆ, ಅದರಲ್ಲಿದ್ದಷ್ಟು ಅಳುತ್ತಾರೆ. ಮೂಲೆಯಲ್ಲಿ ಪರೀಕ್ಷಕರು ಗುರುತು ಹಾಕುತ್ತಿರುತ್ತಾರೆ: ಕೂತು ಮಾತಾಡಿದಳೇ, ನಾಯಿಯ ಹೆಸರು ಹೇಳಿದಳೇ, ಮೌನಕ್ಕೆ ಜಾಗ ಕೊಟ್ಟಳೇ. ಹೌದು, ಮೌನಕ್ಕೂ ಅಂಕವಿದೆ. ಇದನ್ನು ಕಲ್ಪಿಸುವಷ್ಟು ಪ್ರತಿಭೆ ನನಗಿಲ್ಲ.

೩.

ಏಪ್ರಿಲ್‌ನ ಅಣಕು ಪರೀಕ್ಷೆ. ಕುರ್ಚಿಯಲ್ಲಿ ರೋನಾ ಗಾಲ್‌ಬ್ರೇತ್, ಕ್ರಿಸ್‌ಮಸ್ ನಾಟಕಗಳಲ್ಲಿ ಮಾಟಗಾತಿಯ ಪಾತ್ರ ಮಾಡುವ ಐವತ್ತು ದಾಟಿದ ನಟಿ. ಕಾರ್ಡಿನಂತೆ ಅಳುತ್ತಿದ್ದರು. ಇಷ್ಬೆಲ್ ಮುಂದಕ್ಕೆ ಬಾಗಿ, ಕಾಲೇಜಿನಲ್ಲಿ ಎಲ್ಲರಿಗೂ ಕಲಿಸಿದ ವಾಕ್ಯ ಹೇಳಿದಳು.

"ನೀವು ಮ್ಯಾಕ್ಸ್‌ಗೆ ಮಾಡಬಹುದಾದ ಕೊನೇ ಉಪಕಾರ ಇದು. ನಿಮ್ಮ ನಿರ್ಧಾರ ಸರಿಯಾಗಿದೆ."

ಅಳು ನಿಂತಿತು.

"ಟ್ಯಾಟಿ ಹೋದ ದಿನಾನೂ ನೀನು ಇದನ್ನೇ ಅಂದಿದ್ದೆ ಕಣಮ್ಮಾ," ಎಂದರು ರೋನಾ.

ಕಾರ್ಡಿನಲ್ಲಿ ಟ್ಯಾಟಿ ಇರಲಿಲ್ಲ. ಆದರೆ ಇಷ್ಬೆಲ್‌ಗೆ ಟ್ಯಾಟಿ ತಟ್ಟನೆ ನೆನಪಾದ: ನವೆಂಬರಿನಲ್ಲಿ ಕಾಲೇಜಿನ ಪಶು ಆಸ್ಪತ್ರೆಗೆ ಬಂದ ಕಂದು ಟೆರಿಯರ್ ನಾಯಿ, ಹರಿದ ಎಡಗಿವಿ, ಹೊಟ್ಟೆಯೊಳಗೆ ಒಡೆದ ಗೆಡ್ಡೆ. ಮುಂಗಾಲಿನ ಕೂದಲು ಬೋಳಿಸುವಾಗಲೂ ಬಾಲ ಆಡಿಸುತ್ತಿದ್ದ. ಅವನ ತಲೆ ಹಿಡಿದುಕೊಂಡಿದ್ದ ಹೆಂಗಸು ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ಆ ಮುಖವನ್ನು ಇಷ್ಬೆಲ್ ಮರೆತಿದ್ದಳು. ನಾಯಿಯನ್ನು ನೆನಪಿಟ್ಟು ಮನುಷ್ಯರನ್ನು ಮರೆಯುವುದು ಈ ಪಶುವೈದ್ಯರಿಗೆ ಮಾತ್ರ ಸಾಧ್ಯ.

ಬಾಯಿ ತೆರೆದಳು. ಮಾತು ಬರಲಿಲ್ಲ. ಗಂಟೆ ಹೊಡೆಯುವವರೆಗೂ ಬರಲಿಲ್ಲ.

ಪೂರ್ತಿ ಅಂಕ ಬಂತು. 'ಮೌನವನ್ನು ಬಹಳ ಚೆನ್ನಾಗಿ ಬಳಸಿಕೊಂಡಿದ್ದಾಳೆ' ಎಂದು ಪರೀಕ್ಷಕರು ಷರಾ ಬರೆದರು. ವಿಡಿಯೋವನ್ನು ಕಿರಿಯರ ತರಗತಿಯಲ್ಲಿ ತೋರಿಸುತ್ತಾರಂತೆ.

(ನಗುವವರು ಇಲ್ಲಿ ನಗಬಹುದು.)

೪.

ಅವಳು ಬಸ್‌ಸ್ಟಾಪಿನವರೆಗೆ ಓಡಿದಳು. ರೋನಾ ಬೆಂಚಿನ ಮೇಲೆ ಕೂತಿದ್ದರು.

"ಟ್ಯಾಟಿ ಹೋದ್ಮೇಲೆ ನಾನು ನಿದ್ದೆ ಮಾಡಿದ್ದು ನಿನ್ನ ಆ ಒಂದು ಮಾತಿನ ಮೇಲೆ. ಅವಸರಪಟ್ನೇನೋ, ಇನ್ನೂ ನಾಕು ದಿನ ಇರ್ತಿದ್ನೇನೋ ಅಂತ ಎದೆ ಹಿಂಡಿದಾಗೆಲ್ಲ, ಆ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಸರಿ ಅಂದ್ಲಲ್ಲ ಅಂದ್ಕೋತಿದ್ದೆ. ಇವತ್ತು ಹುಟ್ಟದೇ ಇರೋ ನಾಯಿಗೂ ಅದನ್ನೇ ಅಂದೆ."

"ಆವತ್ತು ನಿಜವಾಗ್ಲೂ ಹೇಳಿದ್ದೆ."

"ಇವತ್ತು?"

"ಇವತ್ತು... ಪರೀಕ್ಷೆ."

"ನನಗೆ ವ್ಯತ್ಯಾಸ ಕೇಳಿಸ್ಲಿಲ್ಲ ಮಗಳೇ. ನಾಟಕದವಳು ನಾನು, ನನಗೇ ಕೇಳಿಸ್ಲಿಲ್ಲ."

ಇಷ್ಬೆಲ್ ಅವರನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಸುಳ್ಳುಬುರುಕ," ಮೇಜಿನಾಚೆಯಿಂದ ದನಿ ಬಂತು. "ಅಪ್ಪಿಕೊಳ್ಳಲಿಲ್ಲ. ಬಸ್ಸು ಬಂತು, ಅವರು ಹತ್ತಿದ್ರು. ಅಷ್ಟೇ."

(ಸರಿ. ಬಸ್ಸು ಬಂತು.)

೫.

ಅಂದಿನಿಂದ ಇಷ್ಬೆಲ್ ಇನ್ನೊಂದು ಮಾತು ಹುಡುಕುತ್ತಿದ್ದಾಳೆ. ಟ್ಯಾಟಿಯ ವಿಷಯದಲ್ಲಿ ಮಾಡಿದ್ದು ನಿಜವಾಗಿಯೂ ಸರಿ ಎಂದು ಆ ಹೆಂಗಸಿಗೆ ನಂಬಿಕೆ ಬರುವಂಥ ಮಾತು.

"ಕಥೆಗಾರ ತಾನೇ ನೀನು? ಕೊಡು ಒಂದು."

ನಾನು ಒಂದು ಕೊಟ್ಟೆ. "ಇದನ್ನ ಸಂತಾಪದ ಕಾರ್ಡಲ್ಲಿ ಅಚ್ಚು ಹಾಕ್ತಾರೆ," ಎಂದಳು. ಇನ್ನೊಂದು ಕೊಟ್ಟೆ. "ಇದನ್ನ ಟೀ ಮಗ್ ಮೇಲೆ."

ನನಗೆ ಸಿಟ್ಟು ಬರುತ್ತದೆ. ಐದು ವರ್ಷ ಓದಿಸಿ, ಒಂದು ಒಳ್ಳೆಯ ಮಾತನ್ನು ಎಲ್ಲರ ಬಾಯಿಗೂ ತುರುಕಿ ಸವೆಸಿಟ್ಟರು. ನನ್ನ ಹತ್ತಿರವೂ ಬೇರೆ ಮಾತಿಲ್ಲವಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು.

೬.

ಮುಗಿಸುವ ದಾರಿಗಳು.

ಅ) ಸೋಮವಾರ ಕುರ್ಚಿಯಲ್ಲಿ ರೋನಾ ಇರುತ್ತಾರೆ. ಇಷ್ಬೆಲ್ ಮ್ಯಾಕ್ಸ್‌ನನ್ನು ಬಿಟ್ಟು ಟ್ಯಾಟಿಯ ಹರಿದ ಕಿವಿಯ ಮಾತೆತ್ತುತ್ತಾಳೆ. ಇಬ್ಬರೂ ಅಳುತ್ತಾರೆ. ಪರೀಕ್ಷಕರು ಫೇಲ್ ಮಾಡುತ್ತಾರೆ.

"ನನ್ನ ಬದಲು ಇನ್ನೊಂದು ವರ್ಷ ನಿನ್ನ ಓದುಗರು ಓದ್ತಾರೇನೋ?"

ಆ) ಕುರ್ಚಿಯಲ್ಲಿ ಬೇರೆ ಯಾರೋ. ಇಷ್ಬೆಲ್ ಅದೇ ವಾಕ್ಯ ಹೇಳುತ್ತಾಳೆ, ಅಳತೆಗೆ ತಕ್ಕಷ್ಟು ಸುಮ್ಮನಿರುತ್ತಾಳೆ, ಪಾಸಾಗುತ್ತಾಳೆ. ಮುಂದೆ ವಾರಕ್ಕೆ ಹತ್ತು ಜನಕ್ಕೆ ಅದನ್ನೇ ಹೇಳುತ್ತಾಳೆ. ಯಾರೂ ಏನೂ ಕೇಳುವುದಿಲ್ಲ.

ಅವಳು ಇದನ್ನು ಎರಡು ಸಲ ಓದಿದಳು. "ಅಳಿಸು ಕ್ಯಾಲಮ್. ದಯವಿಟ್ಟು."

"ಮತ್ತೆ ಹೇಗೆ ಮುಗಿಸ್ಲಿ?"

"ಸೋಮವಾರ ಆ ಕೋಣೆ ಬಾಗಿಲ ತನಕ ಬಾ. ಒಳಗೆ ಬರಬೇಡ."

೭.

ಸೋಮವಾರ. ಕಾರಿಡಾರಿನಲ್ಲಿ ಬಿಳಿ ಕೋಟುಗಳ ಸಾಲು. (ಬೇಕರಿಯವನನ್ನು ಒಳಗೆ ಬಿಟ್ಟವರು ಯಾರು ಎಂದು ಕೇಳುತ್ತೀರಾ? ಕಥೆ ನನ್ನದು, ಅಷ್ಟಾದರೂ ಅನುಕೂಲ ಬೇಡವೇ.) ಗಂಟೆ ಹೊಡೆಯಿತು. ಇಷ್ಬೆಲ್ ತಿರುಗಿ ನೋಡದೆ ಒಳಗೆ ಹೋದಳು, ಬಾಗಿಲು ಮುಚ್ಚಿತು. ಅವಳ ಮುಂದಿನ ಸರದಿಯ ಹುಡುಗಿ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು 'ನೀವು ಮ್ಯಾಕ್ಸ್‌ಗೆ ಮಾಡಬಹುದಾದ...' ಎಂದು ಬಾಯಿಪಾಠ ಮಾಡುತ್ತಿದ್ದಾಳೆ.

ನಾನು ಬಾಗಿಲಿಗೆ ಕಿವಿಯಿಟ್ಟೆ. ಮೊದಲು ಇಷ್ಬೆಲ್ ತನ್ನ ಹೆಸರು ಹೇಳಿದಳು. ಆಮೇಲೆ ಆ ವಾಕ್ಯ ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಈಗ ಒಳಗೆ ಯಾರೋ ಅಳುತ್ತಿದ್ದಾರೆ. ರೋನಾ ಅವರೋ, ಬೇರೆ ನಟಿಯೋ, ಇಷ್ಬೆಲ್ಲೇ ಇರಬಹುದೋ ತಿಳಿಯುತ್ತಿಲ್ಲ. ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೇನೆ, ತಿರುಗಿಸುವ ಧೈರ್ಯ ನನಗಿಲ್ಲ.