ಊದದ ಟ್ಯೂಬಾ

ಪೆನಿ ಕೆನ್ನೆ ಉಬ್ಬಿಸಿ ಕೂತಿದ್ದ. ಬೆರಳುಗಳು ಗುಂಡಿ ಒತ್ತುತ್ತಿದ್ದವು, ಟ್ಯೂಬಾ ಎಂಬ ಹಿತ್ತಾಳೆಯ ದೊಡ್ಡ ಕಹಳೆಯೊಳಗೆ ಉಸಿರು ಮಾತ್ರ ಹೋಗುತ್ತಿರಲಿಲ್ಲ. ಮೌಂಟ್ ಡ್ರುಯಿಟ್‌ನ ಟೋಂಗಾ ದ್ವೀಪಗಳಿಂದ ಬಂದವರ ಚರ್ಚಿನ ಬ್ಯಾಂಡಿನಲ್ಲಿ ಅವನು ಹೀಗೆ ನಟಿಸುತ್ತಲೇ ಹಲವು ತಿಂಗಳು ಕಳೆದಿದ್ದ.

"ಏನೋ ಪೆನಿ, ನಿನ್ನ ಟ್ಯೂಬಾ ಉಪವಾಸನಾ?" ಎಂದ ಬ್ಯಾಂಡ್ ಮಾಸ್ಟರ್ ಮಾಫಿ. "ನಿನ್ನ ಹೊಟ್ಟೆ ನೋಡಿದ್ರೆ ನೀನಂತೂ ಮಾಡ್ತಿಲ್ಲ!"

ಎಲ್ಲರೂ ನಕ್ಕರು. ಪೆನಿ ತಾನೂ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಚರ್ಚಿನ ಅಡುಗೆಮನೆಯ ಬಾಗಿಲಲ್ಲಿ ಕೆಸುವಿನ ಗಡ್ಡೆ ಸುಲಿಯುತ್ತಿದ್ದ ಅಕ್ಕ ಸೆಯಿನಿಯ ಕೈ ನಿಂತಿತು.

ಅವನಿಗೆ ರಕ್ತದ ಕ್ಯಾನ್ಸರ್ ಬಂದಾಗ ರಕ್ತ ಹುಟ್ಟಿಸುವ ತನ್ನ ಕಾಂಡಕೋಶ ಕೊಟ್ಟು ಉಳಿಸಿದವಳು ಅವಳು. ಟೋಂಗನ್ನರಲ್ಲಿ ಅಕ್ಕ-ತಮ್ಮ ಮರ್ಯಾದೆಗಾಗಿ ಒಬ್ಬರನ್ನೊಬ್ಬರು ನೇರ ನೋಡದೆ ದೂರವಿರುತ್ತಾರೆ; ಅಕ್ಕನೆದುರು ತಮ್ಮ ತನ್ನ ಮೈಯ ಮಾತೆತ್ತುವುದಿಲ್ಲ, ಅವಳು ಕೊಟ್ಟದ್ದರಲ್ಲಿ ತಪ್ಪು ಹುಡುಕುವುದಂತೂ ಇಲ್ಲವೇ ಇಲ್ಲ. ಹಾಗಾಗಿ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿದರೂ ಪೆನಿ ಬಾಯಿಬಿಡಲಿಲ್ಲ. ಆಸ್ಪತ್ರೆಯಲ್ಲಿ ಕೊಳವೆಗೆ ಊದಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆಗೆ ಹೋಗುವುದನ್ನೂ ಬಿಟ್ಟ. ಕೊನೆಗೆ ಹೆಂಡತಿ ಲೋಸಾ ಎಳೆದುಕೊಂಡು ಹೋದಾಗ ಡಾಕ್ಟರು ಹೇಳಿದರು: ಇದು ಸೋಂಕಲ್ಲ. ಅಕ್ಕನಿಂದ ಬಂದ ಜೀವಕೋಶಗಳೇ ನಿಮ್ಮ ಶ್ವಾಸಕೋಶವನ್ನು ಹೊರಗಿನದೆಂದು ತಿಳಿದು ಸಣ್ಣ ನಾಳಗಳನ್ನು ಮುಚ್ಚುತ್ತಿವೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಮೊದಲೇ ಬರಬೇಕಿತ್ತು. ಉಳಿದದ್ದನ್ನಾದರೂ ಕಾಯಬೇಕೆಂದರೆ ಈಗಲೇ ದಾಖಲಾಗಿ.

"ಕ್ರಿಸ್ಮಸ್ ಕಳೀಲಿ" ಎಂದು ಪೆನಿ ಎದ್ದು ಬಂದಿದ್ದ.

ಈಗ ಸೆಯಿನಿ ಹೊಸ್ತಿಲಲ್ಲೇ ನಿಂತು, ಒಳಗಿದ್ದ ಲೋಸಾಳನ್ನು ಕರೆದಳು. ಪೆನಿ ಅಲ್ಲೇ ಇದ್ದರೂ ಅವನ ಕಡೆ ನೋಡಲಿಲ್ಲ.

"ನಿನ್ನ ಗಂಡನ್ನ ಕೇಳು, ಎಷ್ಟು ದಿನದಿಂದ ಈ ನಾಟಕ?"

"ಅತ್ತಿಗೆ, ಅದೂ..."

"ಹೀಗಾಗಬಹುದು ಅಂತ ಕೊಡುವಾಗ್ಲೇ ಡಾಕ್ಟ್ರು ಹೇಳಿದ್ರು. ನಾನು ಕೊಟ್ಟಿದ್ದೇ ಅವನಿಗೆ ಮುಳುವಾಗಿದೆ, ಅಲ್ವಾ? ಕೇಳು."

ಪೆನಿ ನೆಲ ನೋಡುತ್ತಾ ಹೆಂಡತಿಗೆ ಹೇಳಿದ: "ಅಕ್ಕಂದೇನೂ ತಪ್ಪಿಲ್ಲ ಅನ್ನು. ಮುಚ್ಚಿಟ್ಟಿದ್ದು ನಾನು."

"ಬದುಕಲಿ ಅಂತ ಕೊಟ್ಟೆ, ನನ್ನ ಮರ್ಯಾದೆ ಕಾಯಲಿ ಅಂತಲ್ಲ. ಹೇಳು ಆ ಕತ್ತೆಗೆ. ಈಗ್ಲೇ ಆಸ್ಪತ್ರೆಗೆ ಹೊರಡಬೇಕು."

ಸೆಯಿನಿ ಏಪ್ರನ್ನಿಗೆ ಕೈ ಒರೆಸಿ, ಕಾರಿನ ಕೀಲಿ ತೆಗೆದುಕೊಂಡು ಹೊರಟಳು.

ಪೆನಿ ಟ್ಯೂಬಾವನ್ನು ಕುರ್ಚಿಯ ಮೇಲೆ ಮಲಗಿಸಿದ. ಹೊರಗೆ ಕಾರು ಬೇಲಿಯ ಪಕ್ಕ ನಿಂತಿತ್ತು, ಎಂಜಿನ್ ಚಾಲೂ ಇತ್ತು. ಲೋಸಾ ಆಗಲೇ ಮುಂದೆ ಕೂತಿದ್ದಳು. ಅರ್ಧ ಅಂಗಳ ದಾಟುವಷ್ಟರಲ್ಲಿ ಅವನ ಉಸಿರು ಕಟ್ಟಿತು. ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತ. ಗಾಳಿಗಾಗಿ ಎದೆ ಸೀಟಿ ಹಾಕುವುದು ಕಾರಿನವರೆಗೂ ಕೇಳುತ್ತಿತ್ತು.

ಸ್ಟೀರಿಂಗ್ ಹಿಡಿದಿದ್ದ ಸೆಯಿನಿ ಮುಖವನ್ನು ಬೇಲಿಯ ಕಡೆಗೆ ತಿರುಗಿಸಿದಳು. ಪೆನಿ ಹತ್ತಿ ಹಿಂದಿನ ಬಾಗಿಲು ಮುಚ್ಚಿಕೊಂಡ ಸದ್ದು ಕೇಳುವವರೆಗೂ ಅತ್ತಲೇ ನೋಡುತ್ತಿದ್ದಳು.