ಹೆಸರು ಲೆಕ್ಕಕ್ಕಿಲ್ಲ

ರಿಕ್ಷಾ ಬಿಬವೇವಾಡಿಯ ಮನೆ ಬಿಟ್ಟಾಗಿನಿಂದ ಕಾಡಪ್ಪ ಹೆಂಡತಿಗೆ ಪ್ರಾಣಿಗಳ ಹೆಸರು ಬಾಯಿಪಾಠ ಮಾಡಿಸುತ್ತಿದ್ದ. ಆಸ್ಪತ್ರೆಯ ಮರೆವಿನ ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆಂದು ಆಫೀಸಿನ ಮಾರ್ತಾಂಡ ಹೇಳಿದ್ದ. ಪ್ರಶ್ನೆ ಮೊದಲೇ ತಿಳಿದುಕೊಳ್ಳುವುದು ಮೋಸವೇ ಸರಿ. ಆದರೆ ಜೀವ ಬಾಯಿಗೆ ಬಂದವನು ಮೋಸ ಗೀಸ ಅಂತ ನೋಡುತ್ತಾನೆಯೇ?

“ಕುದರಿ, ಕತ್ತಿ, ಒಂಟಿ. ಅನ್ನು.”

“ಸಾಲಿ ಹುಡುಗಿ ಏನ್ರಿ ನಾನು?” ಎಂದು ಕಾಶವ್ವ ನಕ್ಕಳು. ಮುಂದೆ ಡ್ರೈವರನ ಪಕ್ಕ ತುರುಕಿಕೊಂಡು ಕೂತಿದ್ದ ಮಗ ಶಿವರಾಜ ನಗಲಿಲ್ಲ.

ಅದು ತೊಂಬತ್ತೆಂಟನೇ ಇಸವಿ. ಆ ಮಳೆಗಾಲದಲ್ಲಿ ಕಾಶವ್ವ ಗ್ಯಾಸಿನ ಗುಂಡಿ ತಿರುವಿ, ಕಡ್ಡಿ ಗೀರುವುದನ್ನೇ ಮರೆತು ನೆರೆಮನೆಗೆ ಹೋಗಿದ್ದಳು. ಸುದ್ದಿ ಕೇಳಿ ಊರಿನ ಇನ್ನೊಂದು ತುದಿಯ ನಿಗಡಿಯಿಂದ ಓಡಿಬಂದ ಶಿವರಾಜ ಮುಚ್ಚುಮರೆ ಮಾಡಲಿಲ್ಲ. “ಡಾಕ್ಟರು ಬ್ಯಾನಿ ಅಂದ್ರ ಅವ್ವನ್ನ ನಾ ಕರ್ಕೊಂಡು ಹೋಗ್ತೀನಿ. ನೀತಾ ದಿನಾ ಮನ್ಯಾಗ ಇರ್ತಾಳ. ನೀನು ಆಫೀಸಿಗೆ ಹೋದ ಮ್ಯಾಲ ಅವ್ವನ್ನ ನೋಡವರು ಯಾರು?” ಮಗ, ಸೊಸೆ ನೀತಾ ಇರುವುದು ಒಂದೇ ಖೋಲಿಯ ಮನೆಯಲ್ಲಿ. ಅಲ್ಲಿ ಅಪ್ಪನಿಗೂ ಜಾಗ ಸಾಲುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಾಶವ್ವ ಈ ಪರೀಕ್ಷೆ ಪಾಸಾಗಬೇಕಿತ್ತು, ಅಷ್ಟೇ. ಇಲ್ಲದಿದ್ದರೆ ಅವಳು ನಿಗಡಿಯಲ್ಲಿ, ತಾನು ಇಲ್ಲಿ. ಅದು ನೆನಪಾದಾಗಲೆಲ್ಲ ಕಾಡಪ್ಪ ಮತ್ತೆ ಕುದುರೆಯಿಂದ ಹೇಳಿಸುತ್ತಿದ್ದ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವವಳು ಮಾಧುರಿ ಎಂಬ ಮರಾಠಿ ಹುಡುಗಿ. “ಕಾಕೂ, ಘಾಬರೂ ನಕಾ”, ಚಿಕ್ಕಮ್ಮಾ ಹೆದರಬೇಡಿ, ಎಂದು ಕಾಶವ್ವನ ಕೈ ಸವರಿ, ಮೇಜಿನ ಮೇಲಿದ್ದ ಟೇಪ್ ರೆಕಾರ್ಡರ್ ಒತ್ತಿದಳು. ಉತ್ತರವೆಲ್ಲ ಕನ್ನಡದಲ್ಲೇ ಇರಲಿ, ಆಮೇಲೆ ಭಾಷೆ ಬಲ್ಲವರಿಗೆ ಕೇಳಿಸುತ್ತೇನೆ ಎಂದಳು. ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ಕಾಡಪ್ಪನದು.

ಮೊದಲು ಪ್ರಾಣಿಗಳೇ ಬಂದವು. ಕಾಡಪ್ಪ ಮನಸ್ಸಿನಲ್ಲೇ ಮಾರ್ತಾಂಡನಿಗೆ ಕೈಮುಗಿದ.

“ಆಕಳಾ, ಎಮ್ಮಿ, ನಾಯಿ…” ಕಾಶವ್ವ ಕಿಟಕಿಯ ಕಡೆ ನೋಡಿದಳು. “ಆಕಳಾ.”

ರಿಕ್ಷಾದಲ್ಲಿ ಹತ್ತಿಸಿಕೊಂಡಿದ್ದ ಕುದುರೆ, ಒಂಟೆ ಎಲ್ಲ ಎಲ್ಲಿಗೆ ಹೋದವೋ! ಕಾಡಪ್ಪ ತಡೆಯಲಾರದೆ ಎರಡೂ ಕೈ ತಲೆಗೆ ಹಚ್ಚಿ ಕತ್ತೆಯ ಕಿವಿ ಮಾಡಿ ತೋರಿಸಿದ. ಮಾಧುರಿ ದುರುಗುಟ್ಟಿ ನೋಡಿದ ಮೇಲೆ ಕೈ ಇಳಿಸಿದ.

ಮುಂದಿನದು ‘ಕ’ದಿಂದ ಶುರುವಾಗುವ ಶಬ್ದಗಳು. ಒಂದು ನಿಮಿಷದಲ್ಲಿ ಬಂದಷ್ಟು ಹೇಳಬೇಕು. ಊರಿನ ಹೆಸರು, ಮನುಷ್ಯರ ಹೆಸರು ಲೆಕ್ಕಕ್ಕಿಲ್ಲ. ಕಾಶವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಕೂತುಬಿಟ್ಟಳು. ಒಂದು ಶಬ್ದವೂ ಬರಲಿಲ್ಲ.

ಕಾಡಪ್ಪನಿಗೆ ಹೋದ ಜೀವ ಬಂದಂತಾಯಿತು. ಇದು ಬೇನೆಯಲ್ಲ, ಇದರ ಕಾರಣ ಅವನಿಗೆ ಗೊತ್ತಿತ್ತು. ಗಂಡನ ಹೆಸರನ್ನು ಕಾಶವ್ವ ಒಮ್ಮೆಯೂ ಬಾಯಲ್ಲಿ ತಂದವಳಲ್ಲ. ಹೆಸರಿರಲಿ, ಹೆಸರಿನ ನೆರಳು ಬಿದ್ದ ಮಾತೂ ಅವಳಿಗೆ ಆಗುತ್ತಿರಲಿಲ್ಲ. ಕಾಡು ಅವಳಿಗೆ ಅಡವಿ, ಕಾಡಿಗೆ ‘ಕಣ್ಣಿಗೆ ಹಚ್ಚೂದು’. ಹುಡುಗರು ಕಾಡಿದರೆ ‘ಜೀವಾ ತಿಂತಾವ’ ಎನ್ನುವಳು. ಮದುವೆಯಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳೆಂದು ಹೆಂಗಸರು ಬಾಗಿಲಿಗೆ ಅಡ್ಡ ನಿಂತಾಗ, ಅತ್ತು ರಂಪ ಮಾಡಿ, ಹೇಳದೆಯೇ ಒಳಗೆ ನುಗ್ಗಿದ್ದಳು. ಅಂಥವಳಿಗೆ ಇವರು ‘ಕ’ ಕೊಟ್ಟಿದ್ದರು, ಅದೂ ಗಂಡನ ಎದುರಿಗೆ!

ಕಾಡಪ್ಪ ಇದನ್ನೆಲ್ಲ ಮರಾಠಿಯಲ್ಲಿ ಬಿಡಿಸಿ ಹೇಳಿದ. ಮಾಧುರಿ ನಕ್ಕಳು. ಅವಳ ಅಜ್ಜಿಯೂ ಹಾಗೆಯೇ ಅಂತೆ. ನೀವು ಹೊರಗಿರಿ, ಹೊಸದಾಗಿ ಶುರುಮಾಡುತ್ತೇನೆ ಎಂದಳು.

ಹೊರಗಿನ ಬೆಂಚಿನ ಮೇಲೆ ಶಿವರಾಜ ಕೂತಿದ್ದ. ಕಾಡಪ್ಪ ಕೂರದೆ ಅರ್ಧ ತೆರೆದ ಬಾಗಿಲಿಗೆ ಕಿವಿಗೊಟ್ಟು ನಿಂತು, ಮನಸ್ಸಿನಲ್ಲೇ ಹೇಳಿಕೊಡತೊಡಗಿದ. ಕಡ್ಡಿ ಅನ್ನು, ಕಸಬರಿಗಿ ಅನ್ನು, ಕಣ್ಣು ಅನ್ನು. ಹೋಗಲಿ, ಆ ಹುಡುಗಿ ಆಗಿನಿಂದ ಕಾಕೂ ಕಾಕೂ ಅನ್ನುತ್ತಿದ್ದಾಳೆ, ಅದನ್ನಾದರೂ ಅನ್ನು ಮಾರಾಯ್ತಿ.

“ಕಾಡಪ್ಪ” ಎಂದಳು ಕಾಶವ್ವ.

ಅವನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ.

“ಕಾಡಪ್ಪ… ಕಾಡಪ್ಪ.” ಅಂಗಳದಲ್ಲಿ ಆಡುತ್ತಿರುವ ಹುಡುಗನನ್ನು ಊಟಕ್ಕೆ ಕೂಗಿದ ಹಾಗಿತ್ತು.

ಮೊದಲು ಅವನಿಗೆ ಆದದ್ದು ಖುಷಿ, ನಾಚಿಕೆಗೇಡಿನ ಖುಷಿ. ಹರೆಯದಲ್ಲಿ ಒಂದು ಸಲ ಅನ್ನು ಎಂದು ಎಷ್ಟು ಗೋಗರೆದಿದ್ದ! ಮರುಗಳಿಗೆಯಲ್ಲಿ ಬಾಗಿಲಿನಿಂದ ಹಿಂದೆ ಸರಿದ. ಗ್ಯಾಸ್ ಮರೆತದ್ದಕ್ಕೆ, ಸಾರಿಗೆ ಉಪ್ಪು ಮರೆತದ್ದಕ್ಕೆ ಅವನ ಹತ್ತಿರ ನೆಪಗಳಿದ್ದವು. ಇದಕ್ಕೆ ನೆಪವೇ ಇರಲಿಲ್ಲ. ಅಥವಾ ತಾನು ಎದುರಿಗಿಲ್ಲವೆಂದು ಧೈರ್ಯ ಮಾಡಿದಳೋ? ಆ ಒಂದು ಆಸೆಗೆ ಜೋತುಬಿದ್ದು, ಅವಳು ಹೊರಗೆ ಬಂದ ಕೂಡಲೇ ಕೇಳಿದ.

“ಒಳಗ ನನ್ನ ಹೆಸರು ತಗೊಂಡಿ ಅಲ್ಲಾ?”

ಕಾಶವ್ವನ ಮುಖ ಕೆಂಪಾಯಿತು. “ಶಿವಶಿವಾ! ಮಗನ ಮುಂದ ಏನ್ ಮಾತಂತ ಆಡ್ತೀರಿ? ನಾ ಎಂದಾರ ನಿಮ್ಮ ಹೆಸರು ತಗೊಂಡೀನೇನು? ಗಂಡನ ಆಯುಷ್ಯ ಕಡಿಮಿ ಆಗ್ತದ.”

ಅವಳ ಸಿಟ್ಟು ಖರೇ ಇತ್ತು. ಸುಳ್ಳು ಹೇಳುವಾಗ ಅವಳು ಹೀಗೆ ನೆಟ್ಟಗೆ ನೋಡುವವಳಲ್ಲ. ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಶಿವರಾಜ ತಲೆ ತಗ್ಗಿಸಿದ.

“ಇಲ್ಲ ತಗೀ, ನೀ ಅಂದಿಲ್ಲ. ನನಗ ಹಂಗ ಕೇಳಿಸ್ತು” ಎಂದ ಕಾಡಪ್ಪ. ಆಮೇಲೆ ಮಗನ ಕಡೆ ತಿರುಗಿದ. “ಶಿವರಾಜಾ, ಅವ್ವನ್ನ ನಿಗಡಿಗೆ ಕರ್ಕೊಂಡು ಹೋಗು.”

“ಡಾಕ್ಟರ್ ಇನ್ನೂ ಏನೂ ಹೇಳಿಲ್ಲಲ್ಲಪ್ಪಾ.”

“ಅವರು ಹೇಳೂದು ಏನ್ ಉಳದದ?”

ಕಾಶವ್ವ ಇಬ್ಬರ ಮುಖವನ್ನೂ ನೋಡಿದಳು. ಸೆರಗು ಸರಿಮಾಡಿಕೊಂಡು, ಗಂಡನ ಕಡೆ ಕಣ್ಣಲ್ಲೇ ತೋರಿಸಿ, ಮಗನನ್ನು ಕೇಳಿದಳು:

“ನಾ ನಿಗಡಿಗೆ ಬಂದ್ರ ಇವರಿಗೆ ರೊಟ್ಟಿ ಯಾರು ಬಡೀತಾರೋ?”