ಬಿಳಿ ಹೂವಿನ ಹೊರೆ

ಕೆಂಪಗೆ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಒಂದು ವಾಸನೆ ಏಳುತ್ತದೆ. ಜಾಲಿ ಇದ್ದಿಲಿನ ಹೊಗೆ, ಕಲ್ಲುಬಾನಿಯ ಪಾಚಿಗಟ್ಟಿದ ನೀರು, ಕಮ್ಮಾರನ ಬೆವರು, ಎಲ್ಲ ಸೇರಿದ ವಾಸನೆ. ನನ್ನ ಬಾಲ್ಯವೆಂದರೆ ಅದೇ. ನಾನು ಒಂದು ಕುರ್ಪಿ. ಹೊಲದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು ಕಸ ತೆಗೆಯುವ ಹೆಂಗಸರ ಕೈಯಲ್ಲಿ ಗೇಣುದ್ದದ ಬಾಗಿದ ಅಲಗು, ಮುಷ್ಟಿಯಷ್ಟು ಹಿಡಿಕೆ ಕಂಡಿರುತ್ತೀರಲ್ಲ, ಅದು.

ಕುರ್ಪಿಯಾಗುವ ಮೊದಲು ನಾನು ಚಕ್ಕಡಿಯ ಗಾಲಿಗೆ ಬಡಿದ ಕಬ್ಬಿಣದ ಹಳಿಯಲ್ಲಿದ್ದೆ. ಹಳಿ ಸವೆದು ತುಂಡಾದ ಮೇಲೆ ಮಾನಪ್ಪ ಕಮ್ಮಾರ ನನ್ನನ್ನು ಕುಲುಮೆಗೆ ಹಾಕಿ ಬಡಿದ. ಮಾಡಲು ಹೇಳಿದ್ದವಳು ಕಲ್ಲವ್ವ ಎಂಬ ಕೂಲಿಯ ಹೆಂಗಸು. ಅವಳು ಎಡಗೈಯಲ್ಲಿ ಕೆಲಸ ಮಾಡುವವಳು. ಅದನ್ನು ಅವಳು ಹೇಳಿರಲಿಲ್ಲ. ಎಲೆ ಅಡಿಕೆ ಮೆಲ್ಲುವಾಗ ಅವಳು ಸುಣ್ಣ ತೀಡಿದ ಕೈ ನೋಡಿ ಮಾನಪ್ಪನೇ ತಿಳಿದುಕೊಂಡ. ನನ್ನ ಅಲಗನ್ನು ಉಳಿದ ಕುರ್ಪಿಗಳಿಗೆ ವಿರುದ್ಧವಾಗಿ ಬಾಗಿಸಿದ. ಕಲ್ಲವ್ವ ಹಿಡಿದು ನೋಡಿ ನಕ್ಕಳು. ಅಷ್ಟು ದಿನ ಅವಳು ಬೇರೆಯವರ ಕೈಗೆ ಮಾಡಿದ ಕುರ್ಪಿಯಲ್ಲಿ ಮಣಿಕಟ್ಟು ತಿರುಚಿಕೊಂಡೇ ದುಡಿದಿದ್ದಳು.

ಗದಗಿನ ಹೊರಗಿನ ಎರೆಹೊಲಗಳಲ್ಲಿ ನಾನು ದೊಡ್ಡದಾದೆ. ಶೇಂಗಾ, ಉಳ್ಳಾಗಡ್ಡಿ, ಮೆಣಸಿನಗಿಡ. ನನಗೆ ಗೊತ್ತಿದ್ದ ಕಸವೆಂದರೆ ಕರಿಕೆ, ಜೇಕು, ಹೊನಗೊನೆ. ಅವುಗಳಿಗೂ ನಮಗೂ ಹಳೆಯ ಪರಿಚಯ. ಅಲ್ಲಿ ಒಂದು ಪದ್ಧತಿ ಇತ್ತು. ಕಸ ತೆಗೆದವಳಿಗೇ ಕಸದ ಹೊರೆ ಸೇರಬೇಕು. ಕೂಲಿ ಬೇರೆ, ಹೊರೆ ಬೇರೆ. ಹೊಲದ ಒಡೆಯ ಎಂಥ ಜಿಪುಣನಾದರೂ ಹೊರೆಗೆ ಅಡ್ಡ ಬರುತ್ತಿರಲಿಲ್ಲ. ಸಂಜೆ ಕಲ್ಲವ್ವ ಹಸಿರು ಹೊರೆಯನ್ನು ತಲೆಯ ಮೇಲಿಟ್ಟುಕೊಂಡು, ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬರುತ್ತಿದ್ದಳು. ಹೊಲದಲ್ಲಿ ಕಸವಾಗಿದ್ದದ್ದು ಎಮ್ಮೆಯ ಮುಂದೆ ಬಿದ್ದರೆ ಹಾಲಾಗುತ್ತಿತ್ತು.

ಕಲ್ಲವ್ವ ತೀರಿಕೊಂಡ ಮೇಲೆ ನಾನು ಸೊಸೆ ಫಕೀರವ್ವನ ಪಾಲಿಗೆ ಬಂದೆ. ಅವಳ ಗಂಡ ಆಗಲೇ ತೀರಿಕೊಂಡಿದ್ದ. ಅತ್ತೆ ಬಿಟ್ಟು ಹೋದದ್ದು ಒಂದು ಖೋಲಿ, ಒಂದು ಎಮ್ಮೆ, ಮತ್ತು ನಾನು. ಫಕೀರವ್ವ ಬಲಗೈಯವಳು. ಎಡಗೈಗೆ ಮಾಡಿದ ನನ್ನನ್ನು ಬಲಗೈಯಲ್ಲಿ ಹಿಡಿದಾಗ ಅಲಗು ಮಣ್ಣಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಬದಲಾಯಿಸೋಣವೆಂದರೆ ಮಾನಪ್ಪನ ಕುಲುಮೆ ಮುಚ್ಚಿತ್ತು. ಅವಳ ಜೊತೆಗಾತಿ ಹುಸೇನಬಿ ಆಡಿಕೊಳ್ಳುತ್ತಿದ್ದಳು.

“ಸತ್ತರೂ ನಿಮ್ಮತ್ತಿ ನಿನ್ನ ಕೈ ತಿರುವೂದು ಬಿಡಲಿಲ್ಲ ನೋಡ ಬೇ.”

“ಇರಲಿ ಬಿಡ. ಬದುಕಿದ್ದಾಗ ಬೈಲಿಲ್ಲ ಆಕಿ. ಈಗರ ಒಂದೀಟು ಕಾಡಲಿ,” ಎನ್ನುತ್ತಿದ್ದಳು ಫಕೀರವ್ವ.

ಆಮೇಲೆ ಹೊಲಗಳು ಪ್ಲಾಟುಗಳಾದವು. ಶೇಂಗಾ ಬೆಳೆದಿದ್ದ ನೆಲದಲ್ಲಿ ಕಲ್ಲು ನೆಟ್ಟರು, ಸುಣ್ಣದ ಗೆರೆ ಎಳೆದರು. ಎರೆಮಣ್ಣಿನ ಮೇಲೆ ಮನೆ ನಿಲ್ಲುವುದಿಲ್ಲವೆಂದು ಎಲ್ಲಿಂದಲೋ ಲಾರಿಗಟ್ಟಲೆ ಗರಸು ಮಣ್ಣು ತಂದು ಸುರಿದರು. ಆ ಗರಸಿನೊಳಗೆ ಅದೂ ಬಂತು. ಮೊದಲ ಮಳೆಗೆ ನೆಲಕ್ಕೆ ಅಂಟಿಕೊಂಡ ಗಜ್ಜರಿ ಸೊಪ್ಪಿನಂಥ ಎಲೆ. ತಿಂಗಳೊಪ್ಪತ್ತಿನಲ್ಲಿ ಸೊಂಟದೆತ್ತರ. ಮೈತುಂಬ ಸಾಬೂದಾಣಿಯಂಥ ಬಿಳಿ ಹೂ. ಓದಿದವರು ಅದನ್ನು ಪಾರ್ಥೇನಿಯಂ ಅನ್ನುತ್ತಿದ್ದರು. ನಮ್ಮವರು ಬಿಳಿ ಹೂವಿನ ಕಸ ಎಂದರು.

ಆ ಕಾಲೊನಿಯಲ್ಲಿ ಮೊದಲು ಮನೆ ಕಟ್ಟಿದವರಲ್ಲಿ ಶೈಲಾ ಒಬ್ಬಳು. ಗಂಡ ಬಸ್ ಕಂಡಕ್ಟರ್, ಮೂರು ದಿನಕ್ಕೊಮ್ಮೆ ಮನೆಗೆ ಬರುವವನು. ಮನೆಯ ಎರಡೂ ಬದಿಗೆ ಖಾಲಿ ಪ್ಲಾಟು. ಅವುಗಳ ಒಡೆಯರು ಯಾರು, ಎಲ್ಲಿದ್ದಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಸ ಮಾತ್ರ ಕಂಪೌಂಡ್ ಗೋಡೆಯ ಮೇಲಿಂದ ಇಣುಕುತ್ತಿತ್ತು. ಶೈಲಾಳ ಐದು ವರ್ಷದ ಮಗಳು ಬೆಳಗಾದರೆ ಸೀನುತ್ತಿದ್ದಳು, ಎದೆ ಸುಯ್‌ಗುಟ್ಟುತ್ತಿತ್ತು. ಒಂದು ದಿನ ಶೈಲಾ ಫಕೀರವ್ವನನ್ನೂ ಹುಸೇನಬಿಯನ್ನೂ ಕರೆಸಿದಳು.

ನಾನು ಆ ದಿನ ಹುಮ್ಮಸ್ಸಿನಲ್ಲಿದ್ದೆ. ಮೆತ್ತಗಿನ ದಂಟು, ಒಂದು ಎಳೆತಕ್ಕೆ ತುಂಡಾಗುತ್ತಿತ್ತು. ಮಧ್ಯಾಹ್ನದೊಳಗೆ ಎರಡೂ ಪ್ಲಾಟು ಬೋಳಾದವು. ಹದಿನೈದು ದಿನಕ್ಕೆ ಮತ್ತೆ ಹೋಗಿ ನೋಡಿದರೆ, ನಾನು ಕೊಯ್ದ ಒಂದೊಂದು ಬುಡದಿಂದ ನಾಲ್ಕು ನಾಲ್ಕು ಚಿಗುರು ಎದ್ದಿದ್ದವು.

“ಈ ಗಿಡದ ನಖರಾ ನೋಡ,” ಎಂದಳು ಹುಸೇನಬಿ. “ಹೂವ ನೋಡಿದ್ರ ಮಲ್ಲಿಗಿ, ಗುಣ ನೋಡಿದ್ರ ಸವತಿ. ಒಂದ ಕಡೆ ದಬ್ಬಿದ್ರ ನಾಕ ಕಡೆ ಬರತೈತಿ.”

ಬೇರು ಕೆಳಗೆ ಉಳಿದರೆ ಪ್ರಯೋಜನವಿಲ್ಲ, ಅಲಗನ್ನು ಆಳಕ್ಕೆ ಇಳಿಸಬೇಕು. ಎಡಗೈಗೆ ಬಾಗಿದ ನಾನು ಬಲಗೈಯಲ್ಲಿ ಆಳಕ್ಕೆ ಇಳಿಯಲೊಲ್ಲೆ. ಫಕೀರವ್ವ ನಾಲ್ಕು ಬಾರಿ ಇಳಿಸಿ ನೋಡಿದಳು. ಐದನೆಯ ಬಾರಿ ನನ್ನನ್ನು ಸೊಂಟಕ್ಕೆ ಸಿಕ್ಕಿಸಿ, ಮಳೆಗೆ ನೆನೆದ ನೆಲದಿಂದ ಗಿಡವನ್ನು ಬರಿಗೈಯಲ್ಲಿ ಹಿಡಿದೆಳೆದಳು. ಬೇರುಸಹಿತ ಬಂತು. “ಇಷ್ಟ ಸಲೀಸು ಇರೂದಕ್ಕ ಕುರ್ಪಿ ಯಾಕ ಬೇಕು?” ಎಂದು ನಕ್ಕಳು. ಆ ದಿನದಿಂದ ಅವಳ ಸೊಂಟದಲ್ಲಿ ಕುಳಿತು ನೋಡುವುದಷ್ಟೇ ನನ್ನ ಕೆಲಸವಾಯಿತು. ನನ್ನ ಹಿಡಿಕೆಯ ಮೇಲೆ ಇರಬೇಕಾದ ಕೈ ದಿನವಿಡೀ ಆ ಗಿಡದ ಮೇಲಿತ್ತು. ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಸಂಜೆ ಹೊರೆ ಕಟ್ಟಿದಳು. ಅದು ಅವಳ ಹಕ್ಕಿನದು. ಹೂ ತುಂಬಿದ ಹೊರೆ ತಲೆಯೇರಿತು. ದಾರಿಯುದ್ದಕ್ಕೂ ಹೂವಿನ ಪುಡಿ ಅವಳ ಕಣ್ಣರೆಪ್ಪೆಯ ಮೇಲೆ, ಕುತ್ತಿಗೆಯ ಮೇಲೆ ಉದುರುತ್ತಿತ್ತು. ಎಮ್ಮೆ ಮೂಸಿ ಮುಖ ತಿರುವಿತು. ಅದು ಬುದ್ಧಿವಂತ ಪ್ರಾಣಿ. ಫಕೀರವ್ವ ಒಣಮೇವಿನಲ್ಲಿ ಬೆರೆಸಿ ಹಾಕಿದಳು, ಹಸಿವಿಗೆ ಸ್ವಲ್ಪ ತಿಂದಿತು. ಮರುದಿನ ಹಾಲು ಒಯ್ದ ಮನೆಯವರು ಕಹಿ ಎಂದು ಚೊಂಬು ಹಿಂದಕ್ಕೆ ಕಳಿಸಿದರು.

ಮೇವಿಗೆ ಆಗದಿದ್ದರೇನು, ಒಲೆಗೆ ಆಗುತ್ತದೆ. ಅಂಗಳದಲ್ಲಿ ಒಣಹಾಕಿದಳು, ಉರಿಸಿದಳು. ಗಟ್ಟಿ ದಂಟುಗಳನ್ನು ಕಟ್ಟಿ ಕಸಬರಿಗೆ ಮಾಡಿ ಓಣಿಯ ಮನೆಮನೆಗೆ ಕೊಟ್ಟಳು. ಇನ್ನೊಬ್ಬರಿಗೆ ಏನಾದರೂ ಕೊಡುವುದೆಂದರೆ ಅವಳಿಗೆ ಖುಷಿ. ಇತ್ತ ಶೈಲಾ, “ಹುಸೇನಬಿ ಒಯ್ಯಲಿಲ್ಲಂದ್ರ ಆಕಿ ಪಾಲಿಂದೂ ನೀನ ಒಯ್ಯ ಫಕೀರವ್ವ, ಒಲಿಗೆ ಆಗತೈತಿ,” ಎಂದು ತಾನೇ ಕೈಹಚ್ಚಿ ಹೊರೆ ಎತ್ತಿ ಅವಳ ತಲೆಯ ಮೇಲೆ ಇಡುತ್ತಿದ್ದಳು. ಕೆಟ್ಟ ಮನಸ್ಸಿನವರು ಒಬ್ಬರಾದರೂ ಇದ್ದಿದ್ದರೆ ನನಗೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು.

ಎರಡನೆಯ ಮಳೆಗಾಲದಲ್ಲಿ ಅವಳ ಕಣ್ಣರೆಪ್ಪೆ ಬಾತವು. ಆಮೇಲೆ ಕುತ್ತಿಗೆ, ಮೊಳಕೈಯ ಮಡಿಕೆ. ಚರ್ಮ ದಪ್ಪಗಾಗಿ, ಕಪ್ಪಾಗಿ, ಬಿಸಿಲು ತಾಗಿದರೆ ಉರಿಯುತ್ತಿತ್ತು. ಬೆರಳುಗಳು ಬೇಸಿಗೆಯ ಎರೆನೆಲದಂತೆ ಬಿರಿದವು. ಅರಿಸಿನ ಹಚ್ಚಿದಳು, ಬೇವಿನ ನೀರು ಹಾಕಿಕೊಂಡಳು, ನಾಗಪ್ಪನಿಗೆ ಹಾಲೆರೆದಳು. ರಾತ್ರಿಯೆಲ್ಲ ಕೆರೆದು ಬೆಳಿಗ್ಗೆ ಮತ್ತೆ ಅದೇ ಕೆಲಸಕ್ಕೆ ಹೋದಳು. ಕೆಲಸ ಬಿಟ್ಟರೆ ಒಲೆ ಹೊತ್ತುವುದು ಹೇಗೆ?

ಓಣಿಯ ನಳದಲ್ಲಿ ಹೆಂಗಸರು ಅವಳ ಕೊಡವನ್ನು ಕಡೆಗೆ ಸರಿಸತೊಡಗಿದರು. ಟಂಟಂ ಗಾಡಿಯಲ್ಲಿ ಎಂಟು ಮಂದಿ ಕೂರುವ ಕಡೆ ಅವಳ ಪಕ್ಕ ಒಬ್ಬರ ಜಾಗ ಖಾಲಿ ಉಳಿಯುತ್ತಿತ್ತು. ಹುಸೇನಬಿ ಮಾತ್ರ ಆ ಖಾಲಿ ಜಾಗಕ್ಕೆ ಧಪ್ಪನೆ ಬಂದು ಕುಳಿತು, “ಭಾಳ ಛಲೋ ಆತು ನೋಡ, ಕಾಲ ಚಾಚಾಕ ಬಂತು,” ಎನ್ನುತ್ತಿದ್ದಳು.

ಕೊನೆಗೆ ಅವಳೇ ಫಕೀರವ್ವನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದಳು. ನಾನು ಸೊಂಟದಲ್ಲಿಯೇ ಇದ್ದೆ. ಚರ್ಮದ ಡಾಕ್ಟರಮ್ಮ ವಯಸ್ಸಾದವರು. ಫಕೀರವ್ವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಾಗ ಅವರು ತಮ್ಮ ಬರಿಗೈಯಲ್ಲಿ ಅದನ್ನು ಬಿಡಿಸಿ ತೆಗೆದು, ತಮ್ಮ ಅಂಗೈ ಮೇಲೆ ಇಟ್ಟುಕೊಂಡು ನೋಡಿದರು.

“ಇದು ಅಂಟೂ ರೋಗ ಅಲ್ಲವ್ವ. ಆ ಗಿಡ ನಿನಗ ಆಗಿಬರೂದಿಲ್ಲ. ಔಷಧ ಕೊಡತೀನಿ, ಉರಿ ಕಡಿಮಿ ಆಗತೈತಿ. ಆದರ ಗಿಡದ ಹತ್ರ ಹೋದ್ಯಂದ್ರ ಮತ್ತ ಬರತೈತಿ. ಮುಂದ ಉಸಿರಿಗೂ ತ್ರಾಸ ಆಗತೈತಿ.”

“ಎಷ್ಟ ದಿನಾ ಹೋಗಬಾರದ್ರಿ?”

ಡಾಕ್ಟರಮ್ಮ ಆ ಕೈಯನ್ನು ಮೆಲ್ಲಗೆ ಅವಳ ಮಡಿಲಿಗೆ ಇಳಿಸಿದರು. “ಇನ್ನ ಹೋಗಲೇಬಾರದು,” ಎಂದರು.

ಮನೆಗೆ ಬಂದು ನೋಡಿದರೆ ಅಂಗಳದ ತುಂಬ ಬಿಳಿ ಹೂ. ಎರಡು ವರ್ಷ ಹೊತ್ತು ತಂದ ಹೊರೆಗಳಿಂದ ಉದುರಿದ ಬೀಜ ಗೋಡೆಯ ಬುಡದಲ್ಲಿ, ಎಮ್ಮೆಯ ಗೂಟದ ಸುತ್ತ, ಬಚ್ಚಲ ನೀರು ಹರಿಯುವಲ್ಲಿ ಎದ್ದು ನಿಂತಿತ್ತು. ಅವಳು ಕೊಟ್ಟ ಕಸಬರಿಗೆಗಳಿಂದ ಓಣಿಯ ಉಳಿದ ಅಂಗಳಗಳಿಗೂ ಹೋಗಿತ್ತು. ಫಕೀರವ್ವ ಹೊಸ್ತಿಲ ಮೇಲೆ ಕುಳಿತಳು. “ಹುಸೇನಬಿ, ಹೋಗಬ್ಯಾಡ ಅಂದ್ರಲ್ಲ ಡಾಕ್ಟರ ಬಾಯಾರು. ಎಲ್ಲಿ ಹೋಗಬ್ಯಾಡ ಅಂದ್ರು? ಮನೀಗೇನು?”

ಹುಸೇನಬಿ ನಾಲ್ಕು ದಿನ ಕೂಲಿ ಬಿಟ್ಟು ಆ ಅಂಗಳ ಕಿತ್ತಳು. ಆದರೆ ಬೀಜ ಮಣ್ಣಿನೊಳಗೆ ವರ್ಷಗಟ್ಟಲೆ ಮಲಗಬಲ್ಲದು. ಪ್ರತಿ ಮಳೆಗೂ ಮತ್ತೆ ಹುಟ್ಟುತ್ತಿತ್ತು. ಎಮ್ಮೆ ಮಾರಿದರು. ಫಕೀರವ್ವ ಮುಖಕ್ಕೆ ಸೆರಗು ಸುತ್ತಿಕೊಂಡು ಖೋಲಿಯೊಳಗೇ ಇರತೊಡಗಿದಳು. ಉಸಿರಾಡುವಾಗ ಎದೆಯಿಂದ ಕುಲುಮೆಯ ತಿದಿಯ ಸದ್ದು ಬರುತ್ತಿತ್ತು. ಒಂದು ದಿನ ನನ್ನನ್ನು ಹುಸೇನಬಿಯ ಕೈಗೆ ಕೊಟ್ಟಳು.

“ಒಯ್ಯ. ಇದು ಎಡಗೈದು, ನೆನಪ ಇಟ್ಕೊ. ಸಿಟ್ಟು ಮಾಡಬ್ಯಾಡ.”

“ನೀ ಆರಾಮಾದ ಮ್ಯಾಲೆ ವಾಪಸ್ ಒಯ್ಯಬೇಕ ಮತ್ತ. ನಾ ಏನ್ ಇಟ್ಕೊಂಡ ಕೂಡಂಗಿಲ್ಲ,” ಎಂದಳು ಹುಸೇನಬಿ. ಅವಳ ದನಿ ಎಂದಿಗಿಂತ ಜೋರಾಗಿತ್ತು.

ಶೈಲಾಳಿಗೆ ವಿಷಯ ತಿಳಿದಾಗ ಅವಳು ಎರಡು ದಿನ ಊಟ ಬಿಟ್ಟಳೆಂದು ಹುಸೇನಬಿ ಹೇಳುತ್ತಿದ್ದಳು. ಆಮೇಲೆ ಶೈಲಾ ಕಲಿತಳು, ಕಾಲೊನಿಗೂ ಕಲಿಸಿದಳು. ಹೂ ಬಿಡುವ ಮೊದಲೇ ಕೀಳಬೇಕು. ತುಂಬುತೋಳಿನ ಅಂಗಿ, ರಬ್ಬರಿನ ಕೈಗವಸು, ಮೂಗಿಗೆ ಬಟ್ಟೆ. ಬೇರನ್ನು ಅಗೆದು ತೆಗೆಯಬೇಕು. ಯಾರೂ ಹೊರೆ ಒಯ್ಯಕೂಡದು, ಕಿತ್ತದ್ದನ್ನು ಕುಣಿಯಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಖಾಲಿ ಪ್ಲಾಟಿನಲ್ಲಿ ತಗಚೆಯ ಬೀಜ ಚೆಲ್ಲಿದರೆ ಅದು ಮೇಲೆದ್ದು ಈ ಕಸವನ್ನು ಅಡಗಿಸುತ್ತದೆ. ಎಲ್ಲ ಸರಿಯಾದ ಮಾತುಗಳೇ, ಎರಡು ಮಳೆಗಾಲ ತಡವಾಗಿ ಬಂದವು. ಮಗುವಿನ ಸೀನು ಕಡಿಮೆಯಾಯಿತು.

ಹುಸೇನಬಿ ನನ್ನನ್ನು ಒಬ್ಬ ವೆಲ್ಡಿಂಗಿನವನ ಬಳಿ ಒಯ್ದು ಕಾಯಿಸಿ, ಅಲಗನ್ನು ಬಲಗೈಗೆ ತಿರುಗಿಸಿದಳು. ಅಷ್ಟು ಸಣ್ಣ ಕೆಲಸ. ಈಗ ನಾನು ಆಳಕ್ಕೆ ಇಳಿಯುತ್ತೇನೆ, ಬೇರು ಕೀಳುತ್ತೇನೆ. ಅಲಗು ಸವೆದು ನಾಲ್ಕು ಬೆರಳಿನಷ್ಟು ಉಳಿದಿದೆ, ಹಿಡಿಕೆಗೆ ತಂತಿ ಸುತ್ತಿದೆ. ಕೆಲಸವಿಲ್ಲದ ದಿನಗಳಲ್ಲಿ ಶೈಲಾಳ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬಿದ್ದಿರುತ್ತೇನೆ. ಅಲ್ಲಿ ಮಲಗಿ ಯೋಚಿಸುತ್ತೇನೆ. ಕಸವೆಂದು ಹುಟ್ಟಿದ ಗಿಡ ಯಾವುದೂ ಇಲ್ಲ. ಅದೂ ತನ್ನ ಊರಿನಲ್ಲಿ ಒಂದು ಗಿಡವಾಗಿಯೇ ಇತ್ತೇನೋ. ಯಾರೋ ಮಣ್ಣು ತಂದರು, ಯಾರೋ ಪ್ಲಾಟು ಕೊಂಡು ಮರೆತರು. ಅದರ ಭಾರ ಮಾತ್ರ, ಪ್ಲಾಟಾಗಲಿ ಮನೆಯಾಗಲಿ ಇಲ್ಲದವಳ ತಲೆಯ ಮೇಲೆ ಬಂತು.

ನಿನ್ನೆ ಮಧ್ಯಾಹ್ನ ಶೈಲಾಳ ಗೇಟಿನ ಹೊರಗೆ ಫಕೀರವ್ವ ಬಂದು ನಿಂತಳು. ಮುಖಕ್ಕೆ ಸುತ್ತಿದ ಸೆರಗಿನಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ನಾನೂ ಹುಸೇನಬಿಯೂ ಅಂಗಳದಲ್ಲಿದ್ದೆವು. ಪಕ್ಕದಲ್ಲಿ ಆಗಷ್ಟೇ ಕಿತ್ತ ಗಿಡಗಳ ರಾಶಿ.

“ಅಕ್ಕಾರ, ಕಸದ ಕೆಲಸ ಬ್ಯಾಡ್ರಿ. ಭಾಂಡೆ ತಿಕ್ಕತೀನಿ, ನೆಲಾ ಒರಸತೀನಿ. ಏನರ ಒಂದ ಕೆಲಸಾ ಕೊಡ್ರಿ.”

ಶೈಲಾ ಗೇಟಿನ ಅಗುಳಿ ಹಿಡಿದು ನಿಂತಳು, ತೆಗೆಯಲಿಲ್ಲ. “ಇಲ್ಲೆ ಗಾಳ್ಯಾಗೂ ಅದ ಐತಿ ಫಕೀರವ್ವ. ನಿನ್ನ ಒಳಗ ಕರದ್ರ ನಾನ ನಿನ್ನ ಕೊಂದಂಗ ಆಗತೈತಿ.”

“ಹೊರಗ ನಿಂದ್ರಸಿದ್ರ ನಾ ಬದುಕಿದಂಗ ಏನ್ರಿ, ಅಕ್ಕಾರ?”

ಶೈಲಾ ಕಿತ್ತ ಗಿಡಗಳ ರಾಶಿಯ ಕಡೆ ನೋಡಿದಳು. ಕೈ ಅಗುಳಿಯ ಮೇಲೆ ಹಾಗೆಯೇ ಇತ್ತು.

ಹುಸೇನಬಿ ನನ್ನನ್ನು ನೆಲಕ್ಕಿಟ್ಟಳು. ಕೈಗವಸು ಕಳಚಿ, ನಳದ ಕೆಳಗೆ ಮೊಳಕೈವರೆಗೆ ಸಾಬೂನು ಹಚ್ಚಿ ತೊಳೆದಳು, ಮತ್ತೊಮ್ಮೆ ತೊಳೆದಳು. ಸೀರೆಯ ಮೇಲೆ ಹಾಕಿದ್ದ ಅಂಗಿ ತೆಗೆದು ಕಲ್ಲಿನ ಮೇಲೆ ಎಸೆದು, ಮುಖಕ್ಕೆ ನೀರು ಎರಚಿಕೊಂಡಳು. ಆಮೇಲೆ ವರಾಂಡದ ಮೊಳೆಗೆ ನೇತುಹಾಕಿದ್ದ ತನ್ನ ಬುತ್ತಿಯ ಗಂಟು ತೆಗೆದುಕೊಂಡು, ಶೈಲಾಳ ಕೈ ಸರಿಸಿ ಅಗುಳಿ ತೆಗೆದು ಹೊರಗೆ ಹೋದಳು. ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ನೋಡಿ, ಫಕೀರವ್ವನನ್ನು ರಸ್ತೆಯ ಆಚೆ ಬದಿಯ ಕಟ್ಟೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಗಂಟು ಬಿಚ್ಚಿದಳು. ಖಡಕ್ ರೊಟ್ಟಿಯನ್ನು ಆ ಬಿರಿದ ಬೆರಳುಗಳು ಮುರಿಯಲಾರವೆಂದು ತಾನೇ ಸಣ್ಣಗೆ ಮುರಿದು, ಹೆಸರುಕಾಳಿನ ಪಲ್ಯದ ಡಬ್ಬಿಯಲ್ಲಿ ನೆನೆಸಿ, ಅದನ್ನು ಅವಳ ಕೈಗಿಟ್ಟಳು.